ಕೆಲಸದ ಜಾಗದ ತಪ್ಪು ಹೇಳಿದ್ರೆ ನಮ್ಮನ್ನ ಕಾಪಾಡೋರು ಯಾರು? ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಶುರುವಾದರೆ ಈ ಪ್ರಶ್ನೆಗಳೂ ಜಾಸ್ತಿಯಾಗುತ್ತವೆ. ಸಂತೆ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳುವವರಿದ್ದಾರೆ, ರಾತ್ರಿ ಫೋನ್ ಮಾಡುವವರಿದ್ದಾರೆ, ಮಗಳ ಕೈಲಿ ಬರೆಸಿ ಚೀಟಿ ಕಳಿಸುವವರೂ ಇದ್ದಾರೆ. ಅಮ್ಮತ್ತಿಯಿಂದ ಬರಲಿ, ಸುಂಟಿಕೊಪ್ಪದಿಂದ ಬರಲಿ, ಎಲ್ಲರಿಗೂ ಇರುವ ಭಯ ಒಂದೇ. ಬಾಯಿ ಬಿಟ್ಟರೆ ಕೆಲಸ ಹೋಗುತ್ತೆ, ಅದರ ಜೊತೆ ತೋಟದವರು ಇರೋಕೆ ಕೊಟ್ಟ ಲೈನ್ ಮನೆಯೂ ಹೋಗುತ್ತೆ.

ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು. ಎಲ್ಲ ಉತ್ತರಗಳಿಗೂ ಸೇರುವ ಒಂದು ಮಾತನ್ನು ಮಾತ್ರ ಇಲ್ಲೇ ಹೇಳಿಬಿಡುತ್ತೇನೆ: ನಿಮ್ಮ ದೂರಿನ ಮೇಲೆ ಬಿದ್ದ ಸೀಲಿನ ತಾರೀಖು, ನಿಮ್ಮನ್ನು ಕೆಲಸದಿಂದ ತೆಗೆದ ತಾರೀಖಿಗಿಂತ ಮುಂಚೆ ಇರಬೇಕು. ಕೇಸು ನಿಲ್ಲುವುದೂ ಬೀಳುವುದೂ ಬಹಳ ಸಲ ಇದೊಂದರ ಮೇಲೆ.

## ಮೊದಲು ತಿಳಿದಿರಬೇಕಾದ್ದು

ತಪ್ಪನ್ನು ಹೊರಗೆ ಹೇಳಿದವರನ್ನ ಕಾಪಾಡೋಕೆ ಅಂತಾನೇ ಒಂದು ಕಾನೂನು ಇದೆಯಂತೆ, ಹೌದಾ?

ಇದೆ, ಆದರೆ ಜಾರಿಯಲ್ಲಿಲ್ಲ. ವಿಷಲ್ ಬ್ಲೋಯರ್ಸ್ ಪ್ರೊಟೆಕ್ಷನ್ ಆ್ಯಕ್ಟ್ ಎಂಬ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಬೀಳಲಿಲ್ಲ. ಇದು ನನಗೆ ನಿಜವಾಗಲೂ ಹೊಟ್ಟೆ ಉರಿಸುವ ವಿಷಯ. ಯಾಕೆಂದರೆ ಆ ಕಾಯ್ದೆಯ ಹಿಂದೆ ಒಂದು ಸಾವಿದೆ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಕೊಲೆಯಾದರು. ನನ್ನ ಹೆಸರು ಗುಟ್ಟಾಗಿರಲಿ ಎಂದು ಅವರು ಕೇಳಿಕೊಂಡಿದ್ದರು, ಆದರೂ ಪತ್ರ ಹೆಸರಿನ ಸಮೇತ ಕೈಯಿಂದ ಕೈಗೆ ಹೋಯಿತು.

ಆಮೇಲೆ 2004ರಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಅದನ್ನು ಪಿಐಡಿಪಿಐ ಅನ್ನುತ್ತಾರೆ. ಅದು ಈಗಲೂ ಚಾಲ್ತಿಯಲ್ಲಿದೆ, ಆದರೆ ಕೇಂದ್ರ ಸರ್ಕಾರದ ಕಚೇರಿ, ಉದ್ಯಮ, ಬ್ಯಾಂಕುಗಳಿಗೆ ಮಾತ್ರ. ಖಾಸಗಿ ತೋಟಕ್ಕೆ, ರೆಸಾರ್ಟಿಗೆ ಅದು ಬರಲ್ಲ. 2014ರ ಕಾಯ್ದೆ ಜಾರಿಯಾಗಿದ್ದರೂ ಅದು ಸರ್ಕಾರಿ ನೌಕರರ ತಪ್ಪಿಗೆ ಅಷ್ಟೇ ಸೀಮಿತ.

ಹಾಗಂತ ನಮಗೆ ರಕ್ಷಣೆಯೇ ಇಲ್ಲ ಅಂತಲ್ಲ. ಅದು ಬೇರೆ ಬೇರೆ ಕಾನೂನುಗಳಲ್ಲಿ ಚೂರು ಚೂರಾಗಿ ಹಂಚಿಹೋಗಿದೆ. ನಮ್ಮ ವಿಷಯಕ್ಕೆ ಯಾವುದು ಹೊಂದುತ್ತೆ ಅಂತ ಹುಡುಕಿಕೊಳ್ಳಬೇಕು.

ನಾನು ತೋಟದ ಕೂಲಿ. ಅಪಾಯಿಂಟ್‌ಮೆಂಟ್ ಲೆಟರ್ ಅಂತ ಏನೂ ಇಲ್ಲ. ನನಗೆ ಯಾವ ಕಾನೂನು?

ಲೆಟರ್ ಇಲ್ಲ ಅನ್ನುವುದು ನಿಮ್ಮ ತಪ್ಪಲ್ಲ, ಮಾಲೀಕರ ತಪ್ಪು. 2025ರ ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ 29 ಕಾಯ್ದೆಗಳನ್ನು ಅವುಗಳಲ್ಲಿ ಸೇರಿಸಿದ್ದಾರೆ. ನಮ್ಮ ಹಿರಿಯರಿಗೆ ಬಾಯಿಪಾಠವಾಗಿದ್ದ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೂ ಅದರೊಳಗೆ ಹೋಯಿತು. ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯ ಪ್ರಕಾರ ನೇಮಕಾತಿ ಪತ್ರ ಕೊಡುವುದು ಮಾಲೀಕರ ಕರ್ತವ್ಯ. ಐದು ಹೆಕ್ಟೇರ್, ಅಂದರೆ ಹನ್ನೆರಡು ಎಕರೆ ಚಿಲ್ಲರೆ ಇರುವ ಕಾಫಿ ತೋಟ ಅದರಲ್ಲಿ ಪ್ಲಾಂಟೇಶನ್ ಅನ್ನಿಸಿಕೊಳ್ಳುತ್ತದೆ.

ಪತ್ರ ಇಲ್ಲದಿದ್ದರೆ ನೀವು ಅಲ್ಲಿ ಕೆಲಸ ಮಾಡಿದ್ದೀರಿ ಎಂದು ತೋರಿಸುವ ಬೇರೆ ಏನಾದರೂ ಸಾಕು. ಪಿಎಫ್ ನಂಬರ್, ಬಟವಾಡೆ ಚೀಟಿ, ಫೋನ್‌ಪೇಯಲ್ಲಿ ಬಂದ ಕೂಲಿ, ಮೇಸ್ತ್ರಿ ಕಳಿಸಿದ ವಾಯ್ಸ್ ಮೆಸೇಜ್, ಕೊಯ್ಲಿನ ತೂಕ ಬರೆದ ಚೀಟಿ. ಅಸ್ಸಾಂನಿಂದ ಬಂದವರಿಗೂ ಇದೇ ಕಾನೂನು. ಅವರಿಗೆ ಕನ್ನಡ ಬರಲ್ಲ ಅನ್ನೋ ಕಾರಣಕ್ಕೆ ಹಕ್ಕು ಕಡಿಮೆ ಆಗಲ್ಲ.

ನಾನು ರೈಟರ್. ಸಾಹುಕಾರ್ರು "ನೀನು ಆಡಳಿತದವನು, ನಿನಗೆ ಲೇಬರ್ ಕಾನೂನು ಇಲ್ಲ" ಅಂತಾರೆ.

ಹುದ್ದೆಯ ಹೆಸರು ಮುಖ್ಯ ಅಲ್ಲ, ನೀವು ದಿನವಿಡೀ ಮಾಡುವ ಕೆಲಸ ಯಾವುದು ಅನ್ನುವುದು ಮುಖ್ಯ. ಹಾಜರಿ ಬರೆಯುವುದು, ತೂಕ ಹಾಕುವುದು, ಲೆಕ್ಕ ಇಡುವುದು ಗುಮಾಸ್ತೆ ಕೆಲಸ. ಅದನ್ನು ಮಾಡುವವರು ಕಾರ್ಮಿಕರೇ. ಮುಖ್ಯವಾಗಿ ಮೇಲ್ವಿಚಾರಣೆ ಮಾಡುವವರಾಗಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಸಂಬಳ ಇದ್ದರೆ ಆಗ ಕೈಗಾರಿಕಾ ಸಂಬಂಧಗಳ ಸಂಹಿತೆ ನಿಮ್ಮನ್ನು ಕಾರ್ಮಿಕ ಅನ್ನುವುದಿಲ್ಲ. ಮ್ಯಾನೇಜರ್ ಕೆಲಸ ಮಾಡುವವರಂತೂ ಎಷ್ಟೇ ಸಂಬಳ ಇದ್ದರೂ ಅದರ ಹೊರಗೆ. ಅಂಥವರಿಗೆ ಲೇಬರ್ ದಾರಿ ಮುಚ್ಚಿದರೂ ಸಿವಿಲ್ ಕೋರ್ಟ್, ಪೊಲೀಸ್, ಕಂಪನಿಯ ಒಳಗಿನ ವ್ಯವಸ್ಥೆ ಇದ್ದೇ ಇರುತ್ತೆ.

## ದೂರು ಕೊಡುವ ಮುಂಚೆ

ಹೆಸರು ಹಾಕದೆ ಬರೆದ್ರೆ ಆಗಲ್ವಾ?

ಬರೆಯಬಹುದು. ಆದರೆ ಹೆಸರಿಲ್ಲದ ಅರ್ಜಿಗಳು ಸಾಮಾನ್ಯವಾಗಿ ಫೈಲಿನಲ್ಲೇ ಕೂರುತ್ತವೆ, ಮತ್ತು ನಾಳೆ ನಿಮ್ಮ ಮೇಲೆ ಸೇಡು ತೀರಿಸಿಕೊಂಡರೆ "ದೂರು ಕೊಟ್ಟವಳು ನಾನೇ" ಎಂದು ತೋರಿಸಲು ನಿಮ್ಮ ಕೈಲಿ ಏನೂ ಇರುವುದಿಲ್ಲ. ಹೆಸರು ಹಾಕಿ, ಅದನ್ನು ಗುಟ್ಟಾಗಿಡಿ ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಕೇಳಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆ ಕೇಳುವುದಕ್ಕೆ ಬಲ ಇದೆ. ಕಾರ್ಮಿಕ ತನಿಖೆ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 81ನೇ ಒಪ್ಪಂದಕ್ಕೆ ಭಾರತ 1949ರಲ್ಲೇ ಸಹಿ ಹಾಕಿದೆ. ದೂರು ಕೊಟ್ಟವರು ಯಾರೆಂದು ಇನ್‌ಸ್ಪೆಕ್ಟರ್ ಹೇಳಬಾರದು, ದೂರು ಬಂದಿದ್ದಕ್ಕೇ ಬಂದೆ ಅಂತಲೂ ಮಾಲೀಕರಿಗೆ ತಿಳಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಇನ್ನು ಮಾಲೀಕರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನಿಮ್ಮ ಹೆಸರು ಎಳೆಯಲು ನೋಡಬಹುದು. ಕಾನೂನು ಪಾಲನೆಗಾಗಿ ಗುಟ್ಟಾಗಿ ಮಾಹಿತಿ ಕೊಟ್ಟವರ ಗುರುತು ಬಯಲಾಗುವಂತಿದ್ದರೆ, ಅಥವಾ ಯಾರದೇ ಜೀವಕ್ಕೆ ಅಪಾಯ ಆಗುವಂತಿದ್ದರೆ, 8(1)(ಜಿ) ಸೆಕ್ಷನ್ ಅಡಿ ಅಧಿಕಾರಿ ಆ ಮಾಹಿತಿ ಕೊಡದೆ ಇರಬಹುದು. ಅರ್ಜಿಯಲ್ಲಿ ಈ ಸೆಕ್ಷನ್ ಬರೆದಿಡಿ.

ಹತ್ತು ಮನೆಯ ಲೈನಿನಲ್ಲಿ ಹೆಸರು ಮುಚ್ಚಿಟ್ಟರೂ ಯಾರೆಂದು ಊಹಿಸುವುದು ಕಷ್ಟ ಅಲ್ಲ, ಅದು ನನಗೂ ಗೊತ್ತು. ಅದಕ್ಕೇ ಆದಷ್ಟು ಒಟ್ಟಿಗೆ ಸಹಿ ಹಾಕಿ. ನಾಲ್ಕೈದು ಜನ ಸೇರಿದ ಅರ್ಜಿಯಲ್ಲಿ ಒಬ್ಬರನ್ನೇ ಗುರಿ ಮಾಡುವುದು ಕಷ್ಟ.

ಯಾವ ಆಫೀಸಿಗೆ ಹೋಗೋದು? ಒಂದು ಕಡೆ ಹೋದ್ರೆ ಇನ್ನೊಂದು ಕಡೆ ಕಳಿಸ್ತಾರೆ.

ಕೂಲಿ, ಪಿಎಫ್ ಕಡಿತ, ಔಷಧಿ ಸಿಂಪಡಿಸುವಾಗ ಗ್ಲೌಸ್ ಕೊಡದಿರುವುದು, ಕೆಲಸದಿಂದ ತೆಗೆದಿರುವುದು, ಇವೆಲ್ಲ ಕಾರ್ಮಿಕ ಇಲಾಖೆ. ಪಿಎಫ್ ಕಟ್ಟಿಯೇ ಇಲ್ಲ ಅಂದರೆ ಪಿಎಫ್ ಸಂಸ್ಥೆಗೂ ಒಂದು ಪ್ರತಿ ಹೋಗಲಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚಿದ್ದರೆ 1098ಕ್ಕೆ ಫೋನ್ ಮಾಡಿ. ಪಂಚಾಯಿತಿ, ಕಂದಾಯ, ಸರ್ಕಾರಿ ಆಸ್ಪತ್ರೆಯಂಥ ರಾಜ್ಯ ಸರ್ಕಾರದ ಕಚೇರಿಯ ಲಂಚ, ಅಕ್ರಮ ಆದರೆ ಲೋಕಾಯುಕ್ತ. ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿಯನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿತು, ಈಗ ಆ ಅಧಿಕಾರ ಲೋಕಾಯುಕ್ತ ಪೊಲೀಸರದ್ದೇ. ಲೋಕಾಯುಕ್ತಕ್ಕೆ ನಿಗದಿತ ನಮೂನೆ ಮತ್ತು ಪ್ರಮಾಣಪತ್ರ ಬೇಕು, ಸುಮ್ನೆ ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೆ ವಾಪಸ್ ಬರುತ್ತೆ.

ಅಂಚೆ ಇಲಾಖೆ, ರಾಷ್ಟ್ರೀಕೃತ ಬ್ಯಾಂಕು, ಕಾಫಿ ಬೋರ್ಡಿನಂಥ ಕೇಂದ್ರದ ಕಡೆಯದ್ದಾದರೆ ದೆಹಲಿಯ ಕೇಂದ್ರ ಜಾಗೃತ ಆಯೋಗ. ಲಕೋಟೆ ಅಂಟಿಸಿ, ಹೊರಗೆ ಪಿಐಡಿಪಿಐ ಅಂತ ಬರೆಯಿರಿ, ನಿಮ್ಮ ಹೆಸರು ವಿಳಾಸ ಹೊರಗೆ ಬೇಡ, ಒಳಗಿನ ಪತ್ರದಲ್ಲಿ ಇರಲಿ. ಗುರುತು ಕಾಪಾಡಬೇಕೆಂದೇ ಅವರು ಸ್ವೀಕೃತಿ ಕಳಿಸುವುದಿಲ್ಲ, ಉತ್ತರ ಬರಲಿಲ್ಲ ಅಂತ ಗಾಬರಿ ಬೇಡ. ಕಳಿಸಿದ ಪತ್ರದ ಜೆರಾಕ್ಸ್ ಮತ್ತು ಅಂಚೆ ರಸೀದಿ ಮಾತ್ರ ಇಟ್ಟುಕೊಳ್ಳಿ.

ಉಳಿದ ಯಾವುದೇ ಕಚೇರಿಯಾದರೂ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ಪೇಟೆಯ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ.

ಹಾಜರಿ ಪುಸ್ತಕದ ಫೋಟೊ ತೆಗೆದ್ರೆ ಕಳ್ಳತನ ಅಂತ ಕೇಸ್ ಹಾಕ್ತಾರಾ?

ಪುಸ್ತಕವನ್ನೇ ಎತ್ತಿಕೊಂಡು ಹೋಗಬೇಡಿ. ಅದು ಮಾಲೀಕರ ಸ್ವತ್ತು, ಅಲ್ಲಿ ಕಳ್ಳತನದ ಮಾತು ಖಂಡಿತ ಬರುತ್ತೆ. ನಿಮ್ಮ ಕೆಲಸದ ಭಾಗವಾಗಿ ನಿಮ್ಮ ಕಣ್ಣ ಮುಂದೆ ಇರುವ ಪುಟದ ಫೋಟೊ, ಅದರಲ್ಲೂ ನಿಮ್ಮ ಹೆಸರಿರುವ ಪುಟ, ಬೇರೆ ವಿಷಯ. ಬೀಗ ಒಡೆದು, ಬೇರೆಯವರ ಕಂಪ್ಯೂಟರಿನ ಪಾಸ್‌ವರ್ಡ್ ಹಾಕಿ ತೆಗೆಯುವುದು ಬೇಡವೇ ಬೇಡ.

ಎಂಥ ಪುರಾವೆ ಸಾಕಾಗುತ್ತೆ ಅನ್ನುವುದಕ್ಕೆ ಒಂದು ಪುಟದ ಕಥೆ ಹೇಳುತ್ತೇನೆ. ಒಬ್ಬ ತಂಗಿ ತೋರಿಸಿದ ಬಟವಾಡೆ ಪುಸ್ತಕದ ಫೋಟೊ ಅದು. ಡಿಸೆಂಬರ್ ತಿಂಗಳು. ಒಂದರ ಕೆಳಗೊಂದು ಆರು ಹೆಸರು, ಆರೂ ಹೆಸರಿನ ಮುಂದೆ ಹೆಬ್ಬೆಟ್ಟು. ದೊಡ್ಡದು ಮಾಡಿ ನೋಡಿದರೆ ಆರೂ ಗುರುತುಗಳಲ್ಲಿ ಒಂದೇ ಕಡೆ ಓರೆಯಾಗಿ ಒಂದು ಬಿಳಿ ಗೆರೆ. ಯಾವತ್ತೋ ಕತ್ತಿ ತಾಗಿದ ಗಾಯದ ಗುರುತು. ಆರು ಜನರ ಕೂಲಿಗೆ ಒಬ್ಬನದೇ ಹೆಬ್ಬೆಟ್ಟು ಬಿದ್ದಿತ್ತು. ಅಂಥ ಒಂದು ಪುಟ ಹತ್ತು ಪುಟದ ಅರ್ಜಿಗಿಂತ ಜಾಸ್ತಿ ಮಾತಾಡುತ್ತೆ. ಅಸಲು ಪುಸ್ತಕವನ್ನು ತರಿಸಿಕೊಳ್ಳುವ ಅಧಿಕಾರ ಇನ್‌ಸ್ಪೆಕ್ಟರಿಗಿದೆ, ನೀವು ಎಲ್ಲಿ ನೋಡಬೇಕು ಅಂತ ತೋರಿಸಿದರೆ ಸಾಕು.

ಫೋಟೊ, ಆಡಿಯೊ ಕೋರ್ಟಿನಲ್ಲಿ ನಡೆಯಬೇಕಾದರೆ ಹೊಸ ಸಾಕ್ಷ್ಯ ಕಾನೂನಿನ 63ನೇ ಸೆಕ್ಷನ್ ಪ್ರಕಾರ ಒಂದು ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ಮಾಡಿಸಲು ವಕೀಲರು ನೆರವಾಗುತ್ತಾರೆ. ನೀವು ಮಾಡಬೇಕಾದ್ದು ಇಷ್ಟೇ, ಫೋಟೊ ತೆಗೆದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ, ಅಸಲು ಫೈಲ್ ಅಳಿಸಬೇಡಿ.

ಪೇಪರಿನವರಿಗೆ ಕೊಟ್ರೆ, ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಬೇಗ ಕೆಲಸ ಆಗಲ್ವಾ?

ಬೇಗ ಗದ್ದಲ ಆಗುತ್ತೆ, ರಕ್ಷಣೆ ಸಿಗಲ್ಲ. ಗುಜರಾತಿನ ಕಾಕ್ರಾಪಾರ್ ಅಣು ವಿದ್ಯುತ್ ಸ್ಥಾವರದ ನೌಕರನೊಬ್ಬ 1994ರಲ್ಲಿ ಅಲ್ಲಿನ ಅವಘಡದ ಬಗ್ಗೆ ಪತ್ರಿಕೆಗೆ ಬರೆದ. ಕೆಲಸ ಹೋಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಶಿಕ್ಷೆಯನ್ನು ಎತ್ತಿಹಿಡಿಯಿತು, ತಪ್ಪು ಬಯಲಿಗೆಳೆದವನೆಂಬ ರಕ್ಷಣೆ ಅವನಿಗೆ ಕೊಡಲಿಲ್ಲ. ಹೇಳಬೇಕಾದ ಅಧಿಕಾರಿಗೆ ಮೊದಲು ಹೇಳಿದ್ದೀರಾ ಅನ್ನುವುದಕ್ಕೆ ಕೋರ್ಟಿನಲ್ಲಿ ಬಹಳ ತೂಕ ಇದೆ.

ಮಾನನಷ್ಟದ ಮಾತೂ ಇದೆ. ಕ್ರಮ ತೆಗೆದುಕೊಳ್ಳುವ ಅಧಿಕಾರ ಇರುವವರಿಗೆ ಸದುದ್ದೇಶದಿಂದ ಕೊಟ್ಟ ದೂರು ಮಾನನಷ್ಟ ಆಗುವುದಿಲ್ಲ ಅಂತ ಕಾನೂನಿನಲ್ಲೇ ವಿನಾಯಿತಿ ಇದೆ. ಅದೇ ಮಾತನ್ನು ಇನ್ನೂರು ಜನರ ಗ್ರೂಪಿಗೆ ಹಾಕಿದರೆ ಆ ವಿನಾಯಿತಿ ನಿಮ್ಮ ಕೈ ತಪ್ಪುತ್ತೆ.

## ದೂರು ಕೊಟ್ಟ ಮೇಲೆ

ದೂರು ಕೊಟ್ಟ ವಾರದಲ್ಲೇ "ನಾಳೆಯಿಂದ ಬರಬೇಡ" ಅಂದ್ರು. ಈಗೇನು ಮಾಡೋದು?

ಮಾರನೇ ದಿನ ಕೆಲಸಕ್ಕೆ ಹೋಗಿ. ಇದು ವಿಚಿತ್ರ ಅನ್ನಿಸಬಹುದು, ಆದರೆ ನೀವು ಮನೆಯಲ್ಲಿ ಕೂತರೆ "ಅವನೇ ಹೇಳದೆ ಕೇಳದೆ ಬಿಟ್ಟು ಹೋದ" ಅಂತ ಬರೆದುಕೊಳ್ಳುತ್ತಾರೆ. ಹೋಗಿ, ಗೇಟಿನಲ್ಲಿ ತಡೆದರೆ ಜೊತೆಗೆ ಇದ್ದವರ ಹೆಸರು ಬರೆದಿಟ್ಟುಕೊಳ್ಳಿ, ಅವತ್ತೇ "ನಾನು ಕೆಲಸಕ್ಕೆ ಸಿದ್ಧ ಇದ್ದೇನೆ, ಬಿಡುತ್ತಿಲ್ಲ" ಎಂದು ಮಾಲೀಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ.

ಕೈಗಾರಿಕಾ ಸಂಬಂಧಗಳ ಸಂಹಿತೆಯ ಎರಡನೇ ಅನುಸೂಚಿಯಲ್ಲಿ ಅನ್ಯಾಯದ ಪದ್ಧತಿಗಳ ಪಟ್ಟಿಯೇ ಇದೆ. ಸೇಡಿಗಾಗಿ ಕೆಲಸದಿಂದ ತೆಗೆಯುವುದು, ಸುಳ್ಳು ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿಸುವುದು, ರಜೆ ಹೇಳದೆ ಗೈರು ಅಂತ ಸುಳ್ಳು ಆರೋಪ ಹೊರಿಸಿ ತೆಗೆಯುವುದು, ದುರುದ್ದೇಶದಿಂದ ಬೇರೆ ಕಡೆ ವರ್ಗ ಮಾಡುವುದು, ಕೈಗಾರಿಕಾ ವಿವಾದದ ವಿಚಾರಣೆಯಲ್ಲಿ ಮಾಲೀಕರ ವಿರುದ್ಧ ಸಾಕ್ಷಿ ಹೇಳಿದ್ದಕ್ಕೆ ತೆಗೆಯುವುದು ಎಲ್ಲವೂ ಅದರಲ್ಲಿವೆ. ಇವಕ್ಕೆ ದಂಡ 10,000ದಿಂದ 2 ಲಕ್ಷ ರೂಪಾಯಿವರೆಗೆ. ದಂಡ ಸರ್ಕಾರಕ್ಕೆ ಹೋಗುತ್ತೆ, ನಿಮಗೆ ಬೇಕಾದ್ದು ಕೆಲಸ ಮತ್ತು ಬಾಕಿ ಕೂಲಿ. ಅದಕ್ಕೆ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿ ಮುಂದೆ ವಿವಾದ ಎತ್ತಬೇಕು. ಸಂಘ ಇಲ್ಲದಿದ್ದರೂ, ಒಬ್ಬರೇ ಇದ್ದರೂ ಎತ್ತಬಹುದು. ಎರಡು ವರ್ಷ ದಾಟಿದರೆ ಅವರು ಕೈಗೆತ್ತಿಕೊಳ್ಳುವುದಿಲ್ಲ. ಸಂಧಾನ ಮುರಿದು ವರದಿ ಬಂದ ಮೇಲೆ ಕೈಗಾರಿಕಾ ಟ್ರಿಬ್ಯೂನಲ್‌ಗೆ ಹೋಗಲು 90 ದಿನ ಮಾತ್ರ.

ಸಂಧಾನ ನಡೆಯುತ್ತಿರುವಾಗ ಆ ವಿವಾದಕ್ಕೆ ಸಂಬಂಧಪಟ್ಟ ಹಾಗೆ ನಿಮ್ಮ ಕೆಲಸದ ಷರತ್ತುಗಳನ್ನು ನಿಮಗೆ ನಷ್ಟ ಆಗುವಂತೆ ಬದಲಿಸುವ ಹಾಗಿಲ್ಲ. ಅದಕ್ಕೇ ಹೇಳುವುದು, ವಾಸನೆ ಬಡಿದ ಕೂಡಲೇ ಅರ್ಜಿ ಹಾಕಿ, ಹೊರಗೆ ಹಾಕುವ ತನಕ ಕಾಯಬೇಡಿ.

ಲೈನ್ ಮನೆ ಖಾಲಿ ಮಾಡು ಅಂತಿದಾರೆ. ಕರೆಂಟ್ ಕಿತ್ತಿದಾರೆ.

ಕೆಲಸ ಕಾನೂನು ಪ್ರಕಾರ ಮುಗಿದ ಮೇಲೆ ಲೈನ್ ಮನೆಯಲ್ಲಿ ಶಾಶ್ವತವಾಗಿ ಇರುವ ಹಕ್ಕು ಇರುವುದಿಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಆದರೆ ಕೆಲಸ ಹೋಗಿದ್ದೇ ಸರಿಯೋ ತಪ್ಪೋ ಅನ್ನುವ ವಿವಾದ ನಡೆಯುತ್ತಿರುವಾಗ ಮನೆಯೂ ಆ ವಿವಾದದ ಭಾಗ. ಸಂಧಾನದ ಅರ್ಜಿಯಲ್ಲಿ ಮನೆಯ ವಿಷಯವನ್ನು ಬೇರೆಯಾಗಿ ಬರೆಯಿರಿ, ಬಹಳ ಜನ ಬರೆಯೋದೇ ಇಲ್ಲ. ಸಾಮಾನು ಹೊರಗೆ ಎಸೆಯುವುದು, ಜೂನ್ ಮಳೆಯಲ್ಲಿ ಹೆಂಚು ತೆಗೆಯುವುದು, ನೀರು ನಿಲ್ಲಿಸುವುದು, ಮಕ್ಕಳ ಮುಂದೆ ಬೆದರಿಸುವುದು, ಇದಕ್ಕೆಲ್ಲ 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ಬರವಣಿಗೆಯಲ್ಲಿ ದೂರು ಕೊಡಿ.

ಮುಂಗಡ ತೀರಿಸದೆ ಎಲ್ಲೂ ಹೋಗಬಾರದು ಅಂತಾರೆ. ನಾವು ಎರವರು.

ಮುಂಗಡದ ಹೆಸರಿನಲ್ಲಿ ಹೋಗಲು ಬಿಡದೆ, ಬೇರೆ ಕಡೆ ದುಡಿಯಲು ಬಿಡದೆ, ಕಡಿಮೆ ಕೂಲಿಗೆ ಇಟ್ಟುಕೊಂಡರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದ ದಿನವೇ ಅಂಥ ಸಾಲಗಳೆಲ್ಲ ರದ್ದಾದವು, ತೀರಿಸಬೇಕಾದ್ದೇ ಇಲ್ಲ. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ, ಬಿಡುಗಡೆ ಪತ್ರ ಕೇಳಿ ಪಡೆಯಿರಿ, ಪುನರ್ವಸತಿಯ ಹಣಕ್ಕೆ ಅದೇ ಆಧಾರ.

ಎರವರು, ಜೇನುಕುರುಬರು ಪರಿಶಿಷ್ಟ ಪಂಗಡದವರು. ಬಿಟ್ಟಿ ಅಥವಾ ಜೀತಕ್ಕೆ ದುಡಿಸಿಕೊಂಡವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಲ್ಲದಿದ್ದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯ ಅಪರಾಧವೂ ಹೌದು. ಆ ಕಾಯ್ದೆಗೆ ಆಮೇಲೆ ಸೇರಿಸಿದ 15ಎ ಸೆಕ್ಷನ್ ನಿಮಗೂ ನಿಮ್ಮ ಸಾಕ್ಷಿಗಳಿಗೂ ಬೆದರಿಕೆಯಿಂದ ರಕ್ಷಣೆ ಕೊಡಲೇಬೇಕು ಅನ್ನುತ್ತದೆ. ಸಹಾಯವಾಣಿ 14566. ನನ್ನ ಪ್ರಕಾರ ಇಡೀ ಪುಟದಲ್ಲಿ ಅತಿ ಗಟ್ಟಿಯಾದ ರಕ್ಷಣೆ ಇದು, ಅತಿ ಕಡಿಮೆ ಬಳಕೆಯಾಗುವುದೂ ಇದೇ.

ಜೀವ ತೆಗೀತೀವಿ ಅಂತ ಫೋನ್ ಮಾಡ್ತಾರೆ.

ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ಯಾವ ಠಾಣೆಯ ಸರಹದ್ದು ಅಂತ ವಾಪಸ್ ಕಳಿಸುವ ಹಾಗಿಲ್ಲ. ನೀವು ಗಂಭೀರ ಅಪರಾಧವೊಂದರ ಸಾಕ್ಷಿಯಾಗಿದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ. ಸುಪ್ರೀಂ ಕೋರ್ಟ್ ಅದೇ ವರ್ಷ ಡಿಸೆಂಬರ್‌ನಲ್ಲಿ ಅದನ್ನು ದೇಶಕ್ಕೆಲ್ಲ ಕಾನೂನೆಂದು ಹೇಳಿತು. ಅರ್ಜಿ ನೋಡುವುದು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ. ಮನೆ ಹತ್ತಿರ ಪೊಲೀಸ್ ಗಸ್ತು, ಫೋನ್ ನಂಬರ್ ಬದಲಾವಣೆ, ಗುರುತು ಮುಚ್ಚಿಡುವುದು, ಬೇರೆ ಕಡೆ ಇರಿಸುವುದು, ಏನು ಬೇಕೋ ಅದನ್ನು ಸಮಿತಿ ಆದೇಶಿಸಬಹುದು.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ.

ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

## ಸ್ವಲ್ಪ ಆಳದ ಪ್ರಶ್ನೆಗಳು

ಹೋಂಸ್ಟೇಯಲ್ಲಿ ನಾವು ಮೂರೇ ಜನ ಹೆಂಗಸರು. ತೊಂದರೆ ಕೊಡೋದು ಓನರೇ. ಯಾರಿಗೆ ಹೇಳೋದು?

ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ, ಅಥವಾ ಆರೋಪ ಮಾಲೀಕರ ಮೇಲೆಯೇ ಇರುವಾಗ, ಲೈಂಗಿಕ ಕಿರುಕುಳದ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. 2013ರ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಅದು ಇರಲೇಬೇಕು. ಮನೆಗೆಲಸದವರಿಗೂ ಇದು ಅನ್ವಯಿಸುತ್ತದೆ. ಮೂರು ತಿಂಗಳೊಳಗೆ ದೂರು ಕೊಡಬೇಕು, ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಬಿಡಬಹುದು. ಬರೆಯಲು ಬರದಿದ್ದರೆ ಬರೆದುಕೊಡುವುದು ಸಮಿತಿಯ ಕೆಲಸ. ದೂರು ಕೊಟ್ಟವರ ಹೆಸರು ಹೊರಗೆ ಬಿಡುವುದು ಈ ಕಾಯ್ದೆಯಲ್ಲಿ ನೇರವಾಗಿ ನಿಷಿದ್ಧ, ಬಿಟ್ಟವರಿಗೆ ದಂಡ ಇದೆ.

ದೂರು ಸಾಬೀತಾಗದಿದ್ರೆ ನನ್ನ ಮೇಲೇ ಕೇಸ್ ಹಾಕ್ತಾರಾ?

ಸಾಬೀತಾಗದ ದೂರು ಬೇರೆ, ಗೊತ್ತಿದ್ದೂ ಹೇಳಿದ ಸುಳ್ಳು ಬೇರೆ. ಶಿಕ್ಷೆ ಇರುವುದು ಎರಡನೆಯದಕ್ಕೆ. ಲೈಂಗಿಕ ಕಿರುಕುಳ ಕಾಯ್ದೆಯಲ್ಲಂತೂ ಪುರಾವೆ ಕೊಡಲಾಗಲಿಲ್ಲ ಎಂಬ ಮಾತ್ರಕ್ಕೆ ಕ್ರಮ ತೆಗೆದುಕೊಳ್ಳಬಾರದು ಎಂದು ಬರೆದೇ ಇದೆ. ಅರ್ಜಿಯಲ್ಲಿ ಕಣ್ಣಾರೆ ಕಂಡದ್ದನ್ನು ಕಂಡೆ ಅಂತ, ಕೇಳಿದ್ದನ್ನು ಕೇಳಿದೆ ಅಂತ ಬೇರೆ ಬೇರೆ ಬರೆಯಿರಿ. ಕೋಪದಲ್ಲಿ ಎರಡು ಸೊನ್ನೆ ಜಾಸ್ತಿ ಹಾಕಬೇಡಿ.

ನಮ್ಮದು ದೊಡ್ಡ ಕಂಪನಿಯ ಎಸ್ಟೇಟ್. ಒಳಗೇ ಹೇಳೋ ದಾರಿ ಇದೆಯಾ?

ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿ, ಸಾರ್ವಜನಿಕರಿಂದ ಠೇವಣಿ ಪಡೆದ ಕಂಪನಿ, ಬ್ಯಾಂಕುಗಳಿಂದ 50 ಕೋಟಿಗಿಂತ ಜಾಸ್ತಿ ಸಾಲ ಮಾಡಿದ ಕಂಪನಿ, ಇವುಗಳಿಗೆ 2013ರ ಕಂಪನಿ ಕಾಯ್ದೆ ಪ್ರಕಾರ ದೂರು ವ್ಯವಸ್ಥೆ ಕಡ್ಡಾಯ. ದೂರು ಕೊಟ್ಟವರಿಗೆ ಕಿರುಕುಳ ಆಗದಂತೆ ನೋಡಿಕೊಳ್ಳುವುದೂ ಅದರ ಭಾಗ. ಮ್ಯಾನೇಜರ್ ಮೇಲೆಯೇ ದೂರಿದ್ದರೆ ಅವರ ಕೈಗೆ ಕೊಡಬೇಡಿ, ಅಂಥ ಸಂದರ್ಭದಲ್ಲಿ ಆಡಿಟ್ ಸಮಿತಿಯ ಅಧ್ಯಕ್ಷರಿಗೆ ನೇರ ಬರೆಯಬಹುದು. ಕಂಪನಿಯ ವೆಬ್‌ಸೈಟಿನಲ್ಲಿ ಆ ನಿಯಮ ಹಾಕಿರಬೇಕು, ಓದು ಬರುವ ಮಕ್ಕಳ ಕೈಲಿ ಹುಡುಕಿಸಿ.

ಬೇಲಿಗೆ ನೇರ ಕರೆಂಟ್ ಕೊಡ್ತಾರೆ. ಆನೆ ಸತ್ರೆ ನಮ್ಮನ್ನೇ ಹಿಡೀತಾರೆ ಅನ್ನೋ ಭಯ.

ಆ ಭಯ ಸರಿಯಾದದ್ದೇ, ತಂತಿ ಎಳೆದವನು ಕೂಲಿಯಾಳು ತಾನೇ. ಸೋಲಾರ್ ಬೇಲಿಯ ಮಿಡಿತದ ಕರೆಂಟು ಬೇರೆ, ಕಂಬದಿಂದ ನೇರ ಎಳೆದ ಕರೆಂಟು ಬೇರೆ. ಎರಡನೆಯದು ಆನೆಯನ್ನೂ ಕೊಲ್ಲುತ್ತೆ, ಬೆಳಗ್ಗೆ ಕೊಯ್ಲಿಗೆ ಹೋಗುವ ಹೆಂಗಸನ್ನೂ ಕೊಲ್ಲುತ್ತೆ. ಆಗುವ ಮುಂಚೆಯೇ ಅರಣ್ಯ ಇಲಾಖೆಗೂ ಕರೆಂಟ್ ಕೊಡುವ ಕಂಪನಿ ಸೆಸ್ಕ್‌ಗೂ ತಿಳಿಸಿ. ಅಕ್ರಮವಾಗಿ ಬೀಟೆ ಮರ ಕಡಿಯುವುದಕ್ಕೂ ಅರಣ್ಯ ಇಲಾಖೆಯೇ. ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ ಪತ್ತೆಗೆ ನೆರವಾದವರಿಗೆ ದಂಡದ ಹಣದಲ್ಲಿ ಅರ್ಧದವರೆಗೆ ಬಹುಮಾನ ಕೊಡಲು ಕೋರ್ಟಿಗೆ ಅವಕಾಶ ಇದೆ.

ಆ ತಪ್ಪಿನಲ್ಲಿ ನನ್ನ ಕೈಯೂ ಇದೆ. ಹೇಳಿದ್ರೆ ನಾನೂ ಸಿಕ್ಕಿಬೀಳ್ತೀನಾ?

ಸುಳ್ಳು ಹಾಜರಿ ಬರೆದ ರೈಟರು, ಮರ ಲೋಡ್ ಮಾಡಿದ ಡ್ರೈವರು, ಬಿಲ್ ಪಾಸಾಗಲಿ ಅಂತ ಲಂಚ ಕೊಟ್ಟ ಸಣ್ಣ ಕಂಟ್ರಾಕ್ಟರು, ಮೂವರೂ ಇದೇ ಕೇಳುತ್ತಾರೆ. ಲಂಚದ ವಿಷಯದಲ್ಲಿ ಉತ್ತರ ಸ್ಪಷ್ಟ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಆದರೆ ಒತ್ತಾಯಕ್ಕೆ ಕೊಟ್ಟಿದ್ದು ಏಳು ದಿನದೊಳಗೆ ಲೋಕಾಯುಕ್ತ ಪೊಲೀಸರಿಗೆ ತಿಳಿಸಿದರೆ ನೀವು ಅಪರಾಧಿ ಅಲ್ಲ. ಕೊಡುವ ಮುಂಚೆಯೇ ತಿಳಿಸಿ ಅವರ ಜೊತೆ ಸೇರಿ ಹಿಡಿಸಿಕೊಟ್ಟರೂ ಅಲ್ಲ. ಎಂಟನೇ ದಿನ ಈ ಬಾಗಿಲು ಮುಚ್ಚುತ್ತೆ.

ಉಳಿದ ಅಪರಾಧಗಳಲ್ಲಿ ಹೀಗೆ ತಾನಾಗಿ ಸಿಗುವ ವಿನಾಯಿತಿ ಇಲ್ಲ. ಕೆಲವು ಗಂಭೀರ ಕೇಸುಗಳಲ್ಲಿ ಎಲ್ಲವನ್ನೂ ನಿಜ ಹೇಳುವ ಷರತ್ತಿನ ಮೇಲೆ ನ್ಯಾಯಾಧೀಶರು ಕ್ಷಮಾದಾನ ಕೊಟ್ಟು ಸಾಕ್ಷಿಯಾಗಿ ತೆಗೆದುಕೊಳ್ಳುತ್ತಾರೆ. ಅದು ಕೋರ್ಟಿನ ತೀರ್ಮಾನ, ಪೊಲೀಸರು ಮಾತು ಕೊಟ್ಟರೆ ಸಾಲದು. ಹಾಗಾಗಿ ನೀವು ಈ ಗುಂಪಿನವರಾದರೆ ಕಾರ್ಮಿಕ ಇಲಾಖೆಗೋ ಠಾಣೆಗೋ ಹೋಗುವ ಮುಂಚೆ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಹತ್ತಿರ ಹೋಗಿ. ನೀವು ಮಾಡಿದ್ದನ್ನೂ ಸೇರಿಸಿ ಪೂರ್ತಿ ಹೇಳಿ. ವಕೀಲರ ಹತ್ತಿರ ಹೇಳಿದ್ದು ಗುಟ್ಟಾಗಿಯೇ ಉಳಿಯಬೇಕು ಅನ್ನುವುದೂ ಕಾನೂನೇ.